ಮಗುವಿಗೆ 7 ವಾರ, ಗಂಡ ರಜೆಯಲ್ಲಿ ಬರುತ್ತಾರೆ: ಹಾಲು ಕುಡಿಸುವಾಗ ಬಸಿರು ತಡೆಯಲು ಯಾವುದು ಸರಿ?

ಬದಿಯಡ್ಕದ ತಂಗಿ:
ಎಲ್ಲರಿಗೂ ನಮಸ್ಕಾರ. ಹೇಗೆ ಕೇಳುವುದು ಅಂತ ಮೂರು ದಿನ ಯೋಚಿಸಿ ಈಗ ಬರೆಯುತ್ತಿದ್ದೇನೆ. ನನಗೆ ಮಂಗಳೂರಿನಲ್ಲಿ ಸಿಸೇರಿಯನ್ ಆಗಿ 7 ವಾರ. ಹೆಣ್ಣುಮಗು. ಎದೆಹಾಲು ಚೆನ್ನಾಗಿ ಉಂಟು. ರಾತ್ರಿ ಮಾತ್ರ ಅತ್ತೆ ಒಂದು ಬಾಟಲಿ ಪುಡಿಹಾಲು ಕೊಡುತ್ತಾರೆ, ನನಗೆ ನಿದ್ರೆ ಬರಲಿ ಅಂತ. ನನ್ನವರು ದುಬೈಯಲ್ಲಿದ್ದಾರೆ. ಬರುವ ತಿಂಗಳು 40 ದಿನದ ರಜೆಯಲ್ಲಿ ಬರುತ್ತಾರೆ, ಮಗುವನ್ನು ಇನ್ನೂ ನೋಡಿಲ್ಲ.

ಈಗಲೇ ಇನ್ನೊಂದು ಬೇಡ. ಕಡಿಮೆ ಅಂದರೂ ಎರಡು ವರ್ಷ ಹೋಗಲಿ ಅಂತ ಇಬ್ಬರಿಗೂ ಇದೆ. ಅಮ್ಮ ಹೇಳುತ್ತಾರೆ, ಮೊಲೆ ಕೊಡುವಾಗ ಬಸಿರು ನಿಲ್ಲುವುದಿಲ್ಲ, ಸುಮ್ನೆ ಮಾತ್ರೆ ನುಂಗಬೇಡ ಅಂತ. ಪಕ್ಕದ ಮನೆಯ ಅಕ್ಕ ಮಾಲಾ-ಎನ್ ಅನ್ನುವ ಬಸಿರು ತಡೆಯುವ ಮಾತ್ರೆ ತೆಗೆದುಕೊಳ್ಳುತ್ತಾರೆ, ಬೇಕಾದರೆ ಒಂದು ಪಟ್ಟಿ ಕೊಡುತ್ತೇನೆ ಅಂದರು. ಸಬ್ ಸೆಂಟರಿನ ಸಿಸ್ಟರ್ ಮನೆಗೆ ಬಂದಾಗ ಒಂದು ಕಾಗದ ಕೊಟ್ಟು ಹೋದರು. ನಮ್ಮ ಕಾಸರಗೋಡು ಕೇರಳದಲ್ಲಲ್ವಾ, ಪೂರ್ತಿ ಮಲಯಾಳ. ಮಾತನಾಡಿದರೆ ಅರ್ಧ ಅರ್ಥ ಆಗುತ್ತದೆ, ಓದಲು ಬರುವುದಿಲ್ಲ. ಯಾರಿಗಾದರೂ ಸರಿಯಾಗಿ ಗೊತ್ತಿದ್ದರೆ ಹೇಳಿ.

ಕುಂಬಳೆಯ ಅಕ್ಕ:
ತಂಗಿ, ಅಮ್ಮನ ಮಾತು ನಂಬಿ ಕೂತುಕೊಳ್ಳಬೇಡ. ನಾನು ಹಾಗೆಯೇ ಕೂತಿದ್ದೆ. ದೊಡ್ಡವನಿಗೆ 8 ತಿಂಗಳು. ಹಾಲು ಕುಡಿಯುತ್ತಲೇ ಇದ್ದ, ಆರು ತಿಂಗಳಿಗೆ ರಾಗಿ ಸರಿ ಶುರು ಮಾಡಿದ್ದೆ. ಹೆರಿಗೆಯಾದ ಮೇಲೆ ಒಂದು ಸಲವೂ ಮುಟ್ಟಾಗಿರಲಿಲ್ಲ. ಹಾಗಾಗಿ ತಿಂಗಳು ತಪ್ಪಿತು ಅನ್ನುವ ಪ್ರಶ್ನೆಯೇ ಇಲ್ಲ. ಊಟ ಸೇರುವುದಿಲ್ಲ, ವಾಕರಿಕೆ, ಪಿತ್ತ ಅಂತ ಕಷಾಯ ಕುಡಿದೆ. ಕೊನೆಗೆ ಸ್ಕ್ಯಾನ್ ಮಾಡಿದರೆ 12 ವಾರ. ಆ ದಿನ ಬಸ್ಸಿನಲ್ಲಿ ಅಳುತ್ತಾ ಮನೆಗೆ ಬಂದದ್ದು ಇವತ್ತಿಗೂ ನೆನಪಿದೆ. ಎರಡನೆಯವಳು ಈಗ ನನ್ನ ಜೀವ, ಅದು ಬೇರೆ ಮಾತು. ಆದರೆ ಆ ಎರಡು ವರ್ಷ ನನ್ನ ಸೊಂಟ, ರಕ್ತ, ಮನಸ್ಸು ಯಾವುದೂ ನೆಟ್ಟಗಿರಲಿಲ್ಲ.

ಅಡೂರಿನ ದೊಡ್ಡಮ್ಮ:
ನಿಮಗೆ ಹಾಗಾಯಿತು ಅಂತ ಹಿರಿಯರ ಮಾತೇ ಸುಳ್ಳು ಅನ್ನಬೇಡಿ. ನನ್ನ ಅಮ್ಮ 7 ಹೆತ್ತವರು. ಎಲ್ಲರಿಗೂ ಎರಡೂವರೆ, ಮೂರು ವರ್ಷ ಅಂತರ. ಯಾವ ಮಾತ್ರೆ ಇತ್ತು ಆಗ? ಹಾಲೇ ಮದ್ದು.

ಪೆರ್ಲದವಳು:
ದೊಡ್ಡಮ್ಮ, ಆಗ ಹೆತ್ತವಳು ತವರಿನಲ್ಲಿ ಐದು ತಿಂಗಳು ಇರುತ್ತಿದ್ದಳು. ಗಂಡ ತೊಟ್ಟಿಲು ನೋಡಲು ಬಂದು ಸಂಜೆಗೆ ಹೊರಡುತ್ತಿದ್ದ. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ವಾ?

ನೀರ್ಚಾಲಿನ ಸಿಸ್ಟರ್ (ನಿವೃತ್ತ):
ಇಬ್ಬರ ಮಾತಿನಲ್ಲೂ ನಿಜ ಉಂಟು. ಹಾಲು ಕುಡಿಸುವುದು ಒಂದು ವಿಧಾನವೇ. ಆದರೆ ಅದು ನಿಲ್ಲುವುದು ಮೂರು ಕಾಲಿನ ಮೇಲೆ. ಮಗುವಿಗೆ 6 ತಿಂಗಳು ತುಂಬಿರಬಾರದು. ಹೆರಿಗೆಯಾದ ಮೇಲೆ ಮುಟ್ಟು ಮರಳಿ ಬಂದಿರಬಾರದು. ಮಗುವಿಗೆ ಎದೆಹಾಲು ಬಿಟ್ಟು ಬೇರೆ ಏನೂ ಕೊಡುತ್ತಿರಬಾರದು, ಹಗಲು 4 ಗಂಟೆ, ರಾತ್ರಿ 6 ಗಂಟೆಗಿಂತ ಜಾಸ್ತಿ ಬಿಡುವು ಇರಬಾರದು. ಮೂರೂ ಇದ್ದರೆ 100ರಲ್ಲಿ 98 ಮಂದಿಗೆ ಅದು ಕಾಯುತ್ತದೆ. 1988ರಲ್ಲಿ ಇಟಲಿಯ ಬೆಲ್ಲಾಜಿಯೊದಲ್ಲಿ ತಜ್ಞರು ಕೂತು ಒಪ್ಪಿಕೊಂಡ ಲೆಕ್ಕ ಇದು. ಒಂದು ಕಾಲು ಮುರಿದರೂ ಸ್ಟೂಲು ಬಿತ್ತು.

ಕುಂಬಳೆಯ ಅಕ್ಕನಿಗೆ ಆದದ್ದು ಇದೇ. 6 ತಿಂಗಳು ದಾಟಿತ್ತು, ರಾಗಿ ಸರಿ ಶುರುವಾಗಿತ್ತು. ಮತ್ತೆ ಎಲ್ಲರೂ ಮರೆಯುವ ಮಾತೊಂದು: ಅಂಡ ಬಿಡುಗಡೆ ಆಗುವುದು ಮೊದಲು, ಮುಟ್ಟು ಬರುವುದು ಆಮೇಲೆ. ಅಂದರೆ ಮೊದಲ ಮುಟ್ಟು ಕಾಣುವ ಮೊದಲೇ ಬಸಿರು ನಿಲ್ಲಬಹುದು. "ಇನ್ನೂ ಹೊರಗೆ ಕೂತಿಲ್ಲ, ಹೆದರಿಕೆ ಇಲ್ಲ" ಅಂತ ಹೇಳಿದ ಎಷ್ಟು ಹುಡುಗಿಯರಿಗೆ ನಾನೇ ಎರಡನೇ ತಾಯಿ ಕಾರ್ಡು ಬರೆದಿದ್ದೇನೆ.

ಪೆರ್ಲದವಳು:
ರಾತ್ರಿ ಒಂದೇ ಬಾಟಲಿ ಅಂದರೂ ಲೆಕ್ಕವಾ ಸಿಸ್ಟರ್?

ನೀರ್ಚಾಲಿನ ಸಿಸ್ಟರ್ (ನಿವೃತ್ತ):
ಲೆಕ್ಕ. ರಾತ್ರಿಯದ್ದೇ ದೊಡ್ಡ ಲೆಕ್ಕ. ಮಗು ಚೀಪುವಾಗ ತಾಯಿಯ ದೇಹದಲ್ಲಿ ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನು ಏರುತ್ತದೆ, ರಾತ್ರಿ ಇನ್ನೂ ಜಾಸ್ತಿ. ಹಾಗೆ ಪದೇ ಪದೇ ಚೀಪುವುದರಿಂದಲೇ ಅಂಡ ಬಿಡುಗಡೆ ತಡೆಯುತ್ತದೆ. ಬಾಟಲಿ ಕೊಟ್ಟು ಮಗು ಏಳೆಂಟು ಗಂಟೆ ಮಲಗಿತು ಅಂದರೆ ಆ ತಡೆ ಸಡಿಲ ಆಗುತ್ತದೆ. ಬದಿಯಡ್ಕದ ತಂಗಿ, ಅತ್ತೆಯವರು ಪ್ರೀತಿಯಿಂದಲೇ ಕೊಡುತ್ತಿದ್ದಾರೆ, ತಪ್ಪು ತಿಳಿಯಬೇಡ. ಆದರೆ ನೀನು ಹಾಲನ್ನೇ ನಂಬಿ ಕೂರುವ ಹಾಗಿಲ್ಲ.

ಅಡೂರಿನ ದೊಡ್ಡಮ್ಮ:
ಮೂರು ಕಾಲಿನ ಮಾತು ನನಗೆ ಗೊತ್ತಿರಲಿಲ್ಲ. ಯೋಚಿಸಿ ನೋಡಿದರೆ ನನ್ನ ನಾಲ್ಕನೇ ಅಣ್ಣನಿಗೂ ನನಗೂ 14 ತಿಂಗಳೇ ಅಂತರ. ಆ ಸಲ ಅಮ್ಮನಿಗೆ ಜ್ವರ ಬಂದು ಅಣ್ಣನಿಗೆ ಆಕಳ ಹಾಲು ಹಾಕಿದ್ದರಂತೆ. ಅಜ್ಜಿ ಹೇಳುತ್ತಿದ್ದರು.

ಉಪ್ಪಳದ ಮೆಡಿಕಲ್ ಅಂಗಡಿಯವ:
ಗಂಡಸು ಮಧ್ಯೆ ಬಂದೆ ಅಂತ ಬೇಸರ ಬೇಡ, 20 ವರ್ಷದಿಂದ ಇದೇ ಕೆಲಸ. ದಯವಿಟ್ಟು ಆ ಮಾಲಾ-ಎನ್ ಪಟ್ಟಿ ಈಸಿಕೊಳ್ಳಬೇಡಿ. ಮಾಲಾ-ಎನ್, ಮಾಲಾ-ಡಿ ಎರಡರಲ್ಲೂ ಈಸ್ಟ್ರೋಜನ್ ಅನ್ನುವ ಹಾರ್ಮೋನು ಉಂಟು. ಹಾಲು ಕುಡಿಸುವವರಿಗೆ 6 ತಿಂಗಳವರೆಗೆ ಅದು ಬೇಡ ಅಂತಲೇ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುವುದು. ಹಾಲು ಕಡಿಮೆ ಆಗಬಹುದು. ಮೊದಲ 6 ವಾರದಲ್ಲಿ ತೆಗೆದುಕೊಂಡರೆ ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟುವ ಹೆದರಿಕೆಯೂ ಜಾಸ್ತಿ. ಪಕ್ಕದ ಮನೆಯವರ ಮಗು ದೊಡ್ಡದಿರಬಹುದು, ಅವರಿಗೆ ಸರಿ. ನಿಮಗಲ್ಲ.

ಅಂಗಡಿಗೆ ಬಂದು "ಮಕ್ಕಳಾಗದ ಮಾತ್ರೆ ಕೊಡಿ" ಅಂತ ಮೆಲ್ಲಗೆ ಹೇಳುತ್ತಾರೆ. ಹಾಲು ಕುಡಿಸುತ್ತೀರಾ ಅಂತ ನಾವು ಕೇಳಿದರೆ ನಾಚಿಕೊಂಡು ಹೊರಟೇ ಹೋಗುತ್ತಾರೆ. ನೀವೇ ಬಾಯಿಬಿಟ್ಟು ಹೇಳಿ, ದೊಡ್ಡ ಉಪಕಾರ.

ಹಾಲು ಕುಡಿಸುವವರಿಗೆ ಆಗುವ ಮಾತ್ರೆ ಎರಡು ತರ. ಒಂದು ಛಾಯಾ, ಸರಕಾರಿ ಆಸ್ಪತ್ರೆಯಲ್ಲಿ ಹಣವಿಲ್ಲದೆ ಸಿಗುತ್ತದೆ. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಕಂಡುಹಿಡಿದದ್ದು, 1991ರಿಂದ ಸಹೇಲಿ ಅಂತ ಅಂಗಡಿಯಲ್ಲಿ ಬರುತ್ತಿದ್ದ ಮಾತ್ರೆಯೇ. ಅದರಲ್ಲಿ ಹಾರ್ಮೋನೇ ಇಲ್ಲ. ಇನ್ನೊಂದು ಡೆಸೊಜೆಸ್ಟ್ರೆಲ್ ಅನ್ನುವ ಹಾರ್ಮೋನು ಮಾತ್ರ ಇರುವ ದಿನದ ಮಾತ್ರೆ. ಇದಕ್ಕೆ ಡಾಕ್ಟರ ಚೀಟಿ ಬೇಕು.

ಮುಳ್ಳೇರಿಯದ ಟೀಚರ್:
ನಾನು ಛಾಯಾ ತೆಗೆದುಕೊಂಡವಳು. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ನಾನು ಭಾನುವಾರ ಮತ್ತು ಬುಧವಾರ ಅಂತ ಇಟ್ಟುಕೊಂಡೆ, ಕ್ಯಾಲೆಂಡರಿನಲ್ಲಿ ಕೆಂಪು ಚುಕ್ಕಿ. ದಿನಾ ನುಂಗುವ ತಲೆಬಿಸಿ ಇಲ್ಲ. ಹಾಲಿಗೆ ಏನೂ ಆಗಲಿಲ್ಲ. ಒಂದೇ ತೊಂದರೆ, ಮುಟ್ಟು 45 ದಿನಕ್ಕೆಲ್ಲ ಹೋಗುತ್ತದೆ. ಮೊದಲ ಸಲ ಹೆದರಿ ಎರಡು ಸಲ ಟೆಸ್ಟ್ ಮಾಡಿದೆ, ಎರಡೂ ಒಂದೇ ಗೆರೆ. ಸಿಸ್ಟರ್ ಹತ್ತಿರ ಕೇಳಿದರೆ ಈ ಮಾತ್ರೆಯ ಗುಣವೇ ಹಾಗೆ ಅಂದರು. ಮೊದಲೇ ಹೇಳಿದ್ದರೆ ನನ್ನ ನಿದ್ರೆ ಕೆಡುತ್ತಿರಲಿಲ್ಲ. ತಂಗಿ, ನಿನಗೂ ಇದೇ ಒಳ್ಳೆಯದು.

ಬಾಯಾರಿನವಳು:
+1 ಛಾಯಾ. ಮರೆತರೆ ಏನು ಮಾಡುವುದು ಅಂತಲೂ ಗೊತ್ತಿರಲಿ. ಒಂದು ವಾರದ ಒಳಗೆ ನೆನಪಾದರೆ ಕೂಡಲೇ ನುಂಗಿ ಮೊದಲಿನ ದಿನಗಳನ್ನೇ ಮುಂದುವರಿಸುವುದು, ಮುಂದಿನ ಮುಟ್ಟಿನವರೆಗೆ ಕಾಂಡೋಮ್ ಕೂಡ ಇರಲಿ. ವಾರ ದಾಟಿತು ಅಂದರೆ ಮತ್ತೆ ಮೊದಲಿಂದ, ವಾರಕ್ಕೆ ಎರಡರಂತೆ.

ಪೈವಳಿಕೆಯ ಸೊಸೆ:
ಮಾತ್ರೆ ಯಾವುದಾದರೂ ಅಷ್ಟೇ, ಹಾಲು ಬತ್ತುತ್ತದೆ. ನನಗೆ ಆಗಿದೆ. ಮಗುವಿಗೆ ಮೂರು ತಿಂಗಳಿದ್ದಾಗ ಶುರು ಮಾಡಿದೆ, 15 ದಿನದಲ್ಲಿ ಅರ್ಧಕ್ಕಿಳಿಯಿತು. ಡಾಕ್ಟರರು ಏನೇ ಹೇಳಲಿ, ಅನುಭವಿಸಿದವರು ನಾವು.

ಉಪ್ಪಳದ ಮೆಡಿಕಲ್ ಅಂಗಡಿಯವ:
ತಂಗಿ, ಪಟ್ಟಿಯ ಹೆಸರು ನೆನಪಿದೆಯಾ? 28 ಮಾತ್ರೆಯಲ್ಲಿ 7 ಕಂದು ಬಣ್ಣದ್ದು ಇತ್ತಾ?

ಪೈವಳಿಕೆಯ ಸೊಸೆ:
ಹೌದು, ಕಂದು ಬಣ್ಣದ ಕಬ್ಬಿಣದ ಮಾತ್ರೆ ಇತ್ತು.

ಉಪ್ಪಳದ ಮೆಡಿಕಲ್ ಅಂಗಡಿಯವ:
ಹಾಗಿದ್ದರೆ ಅದು ಮಾಲಾ ತರದ್ದೇ, ಈಸ್ಟ್ರೋಜನ್ ಇರುವಂಥದ್ದು. ನಿಮಗೆ ಆದದ್ದು ಸುಳ್ಳಲ್ಲ, ಮಾತ್ರೆ ತಪ್ಪು. ನಾನು ಮೇಲೆ ಹೇಳಿದ ಎರಡರಲ್ಲೂ ಅದಿಲ್ಲ.

ಪೈವಳಿಕೆಯ ಸೊಸೆ:
ಇದನ್ನು ಆಗ ಯಾರೂ ಹೇಳಲಿಲ್ಲವಲ್ಲ ಅಣ್ಣ. ಮಗುವಿಗೆ ಹೊಟ್ಟೆ ತುಂಬುವುದಿಲ್ಲ ಅಂತ ಮನೆಯವರೆಲ್ಲ ನನ್ನನ್ನೇ ದೂರಿದರು.

ಮಂಜೇಶ್ವರದ ಗಲ್ಫ್ ಹೆಂಡತಿ:
ಬದಿಯಡ್ಕದ ತಂಗಿ, ನಿನ್ನ ಪರಿಸ್ಥಿತಿ ನನಗೆ ಚೆನ್ನಾಗಿ ಗೊತ್ತು. ನನ್ನವರು ಕತಾರ್, 11 ವರ್ಷ. ವರ್ಷದಲ್ಲಿ 11 ತಿಂಗಳು ಏನೂ ಬೇಡ, ಒಂದು ತಿಂಗಳು ಎಲ್ಲವೂ ಬೇಕು. ನಾವು ಕಾಂಡೋಮ್ ಬಳಸಿದೆವು. ಒಂದು ವಿಷಯ ಯಾರೂ ಬಾಯಿಬಿಡುವುದಿಲ್ಲ, ನಾನು ಹೇಳುತ್ತೇನೆ. ಹಾಲು ಕುಡಿಸುವಾಗ ಅಲ್ಲಿ ತುಂಬಾ ಒಣಗುತ್ತದೆ, ನೋವಾಗುತ್ತದೆ. ನನಗೆ ಇನ್ನು ಅವರ ಮೇಲೆ ಪ್ರೀತಿಯೇ ಇಲ್ಲವೇನೋ ಅಂತ ಹೆದರಿದ್ದೆ. ಅದು ದೇಹದಲ್ಲಿ ಈಸ್ಟ್ರೋಜನ್ ಕಡಿಮೆ ಆದದ್ದರಿಂದ ಅಂತ ಆಮೇಲೆ ಗೊತ್ತಾಯಿತು. ನಮ್ಮ ಮನೆಯಲ್ಲಿ ಎಲ್ಲದಕ್ಕೂ ತೆಂಗಿನೆಣ್ಣೆ. ಇದಕ್ಕೂ ಅದನ್ನೇ ಹಚ್ಚಿದೆವು. ಕಾಂಡೋಮ್ ಹರಿದುಹೋಯಿತು.

ಉಪ್ಪಳದ ಮೆಡಿಕಲ್ ಅಂಗಡಿಯವ:
ಇದನ್ನು ಬರೆದದ್ದಕ್ಕೆ ಅಕ್ಕನಿಗೆ ಥ್ಯಾಂಕ್ಸ್. ಎಣ್ಣೆ ತಾಗಿದರೆ ಕಾಂಡೋಮಿನ ರಬ್ಬರು ಸಡಿಲ ಆಗುತ್ತದೆ. ತೆಂಗಿನೆಣ್ಣೆ, ವ್ಯಾಸಲೀನ್, ಮಗುವಿನ ಎಣ್ಣೆ ಯಾವುದೂ ಬೇಡ. ನೀರಿನ ಜೆಲ್ಲಿ ಅಂತ ಸಿಗುತ್ತದೆ, ಅದು ಸರಿ. ಹರಿದರೆ 72 ಗಂಟೆಯ ಒಳಗೆ ತುರ್ತು ಮಾತ್ರೆ ಉಂಟು, ಬೇಗ ತೆಗೆದುಕೊಂಡಷ್ಟು ಒಳ್ಳೆಯದು, ಹಾಲು ನಿಲ್ಲಿಸಬೇಕಾಗಿಲ್ಲ. ಆದರೆ ಅದನ್ನೇ ಪ್ರತಿ ಸಲದ ಅಭ್ಯಾಸ ಮಾಡಿಕೊಳ್ಳುವುದಲ್ಲ.

ಎಣ್ಮಕಜೆಯವಳು:
ಇಂಜೆಕ್ಷನ್ ಬಗ್ಗೆ ಯಾರೂ ಹೇಳಲಿಲ್ಲ? ಅಂತರಾ, ಮೂರು ತಿಂಗಳಿಗೆ ಒಂದು. 6 ವಾರ ಆದ ಮೇಲೆ ಕೊಡುತ್ತಾರೆ. 40 ದಿನದ ರಜೆಗೆ ಒಂದು ಚುಚ್ಚಿದರೆ ಮುಗಿಯಿತಲ್ವಾ.

ಬಾಯಾರಿನವಳು:
ಮುಗಿಯುವುದಿಲ್ಲ ಅಕ್ಕ. ನನ್ನ ತಂಗಿಗೆ ಹಾಕಿಸಿದ ಮೇಲೆ ಒಂದೂವರೆ ತಿಂಗಳು ದಿನಾ ಸ್ವಲ್ಪ ಸ್ವಲ್ಪ ರಕ್ತದ ಕಲೆ. ಬಾವ ರಜೆಯಲ್ಲಿ ಬಂದದ್ದು ಅದೇ ಸಮಯಕ್ಕೆ. ಅವರ ಮನೆಯಲ್ಲಿ ದೇವರ ಕೋಣೆ, ಅಡಿಗೆ ಕೋಣೆ ಎಲ್ಲ ಮಡಿ. ಅವಳು 40 ದಿನವೂ ಹೊರಗೆಯೇ.

ಎಣ್ಮಕಜೆಯವಳು:
ಅದು ಮಡಿಯ ತಪ್ಪು, ಇಂಜೆಕ್ಷನ್ನಿನ ತಪ್ಪಲ್ಲ! ನನಗೆ ಎರಡನೆಯದರ ನಂತರ ಮುಟ್ಟೇ ನಿಂತಿತು. ರಕ್ತ ಕಡಿಮೆ ಇದ್ದವಳಿಗೆ ಅದೊಂದು ನೆಮ್ಮದಿ.

ನೀರ್ಚಾಲಿನ ಸಿಸ್ಟರ್ (ನಿವೃತ್ತ):
ಇಬ್ಬರಿಗೂ ಆದದ್ದು ಅದರ ಸ್ವಭಾವವೇ. ಕಲೆ ಕಾಣುವುದು, ಮುಟ್ಟು ನಿಲ್ಲುವುದು ಎರಡೂ ಸಾಮಾನ್ಯ, ಕೆಟ್ಟ ರಕ್ತ ಒಳಗೆ ತುಂಬುವುದಿಲ್ಲ. ಚುಚ್ಚಿದ ಜಾಗವನ್ನು ಉಜ್ಜಬಾರದು, ಬಿಸಿ ಶಾಖ ಕೊಡಬಾರದು. ಮತ್ತೆ ಬಿಟ್ಟ ಕೂಡಲೇ ಬಸಿರು ನಿಲ್ಲುವುದಿಲ್ಲ. ಕೊನೆಯ ಇಂಜೆಕ್ಷನ್ ಹಾಕಿಸಿ 7ರಿಂದ 10 ತಿಂಗಳು ಹಿಡಿಯುತ್ತದೆ. ಎರಡು ವರ್ಷ ಬೇಡ ಅನ್ನುವವರಿಗೆ ಅದು ತೊಂದರೆಯೇ ಅಲ್ಲ.

ಮೀಂಜದವಳು:
ಬಸಿರು ತಡೆಯಲು ಗರ್ಭಕೋಶದೊಳಗೆ ಇಡುವ ಕಾಪರ್ ಟಿ ಬಗ್ಗೆ ನನ್ನದೊಂದು ಕಹಿ. ಎರಡನೇ ಸಿಸೇರಿಯನ್ ಆಗಿ ನಾಲ್ಕು ತಿಂಗಳ ಮೇಲೆ ಹೊಟ್ಟೆನೋವು ಅಂತ ಬೇರೆ ಡಾಕ್ಟರ ಹತ್ತಿರ ಹೋದೆ. ಸ್ಕ್ಯಾನ್ ನೋಡಿ "ಕಾಪರ್ ಟಿ ಸರಿ ಇದೆ" ಅಂದರು. ಯಾವ ಕಾಪರ್ ಟಿ? ನನಗೆ ಗೊತ್ತೇ ಇಲ್ಲ! ಡಿಸ್ಚಾರ್ಜ್ ಚೀಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಹೆರಿಗೆ ನೋವಿನ ನಡುವೆ ಯಾವುದೋ ಕಾಗದಕ್ಕೆ ನನ್ನವರ ಸಹಿ ಹಾಕಿಸಿದ್ದರಂತೆ. ಅದು ಒಳ್ಳೆಯದೇ ಇರಬಹುದು. ಆದರೆ ನನ್ನ ಹೊಟ್ಟೆಯೊಳಗೆ ಏನಿದೆ ಅಂತ ನನಗೆ ಹೇಳಬೇಡವಾ?

ನೀರ್ಚಾಲಿನ ಸಿಸ್ಟರ್ (ನಿವೃತ್ತ):
ಹೇಳಲೇಬೇಕು. ಗಂಡನ ಸಹಿ ಅಲ್ಲ, ನಿನ್ನ ಒಪ್ಪಿಗೆ ಬೇಕಾದದ್ದು. ಅದೂ ನೋವು ಶುರುವಾದ ಮೇಲೆ ಅಲ್ಲ, ಗರ್ಭಿಣಿ ಇರುವಾಗಲೇ ತಪಾಸಣೆಗೆ ಬಂದಾಗ ಕೂರಿಸಿ ಮಾತನಾಡಬೇಕು. ಹೀಗೆ ಮಾಡಿಯೇ ಒಂದು ಒಳ್ಳೆಯ ವಿಧಾನದ ಹೆಸರು ಕೆಟ್ಟದ್ದು. ಓದಿ ನನಗೆ ತುಂಬಾ ನೋವಾಯಿತು.

ಕುಂಬಳೆಯ ಅಕ್ಕ:
ಎರಡನೆಯವಳ ನಂತರ ನಾನು ಕೇಳಿ ಹಾಕಿಸಿಕೊಂಡದ್ದು ಕಾಪರ್ ಟಿ. ಹತ್ತು ನಿಮಿಷದ ಕೆಲಸ. ಮೊದಲ ಮೂರು ಮುಟ್ಟು ಸ್ವಲ್ಪ ಜಾಸ್ತಿ ಹೋಯಿತು, ಆಮೇಲೆ ನೆನಪೇ ಇಲ್ಲ. 375 ಅನ್ನುವುದು 5 ವರ್ಷಕ್ಕೆ, 380-ಎ ಅನ್ನುವುದು 10 ವರ್ಷಕ್ಕೆ. ಬೇಡ ಅಂದ ದಿನ ತೆಗೆಸಬಹುದು. ಅದು ಮೇಲೆ ಹತ್ತಿ ಎದೆಗೆ ಹೋಗುತ್ತದೆ ಅಂತ ನಾದಿನಿ ಹೆದರಿಸಿದ್ದಳು. ಡಾಕ್ಟರ್ ಗೊಂಬೆ ತೋರಿಸಿ ವಿವರಿಸಿದ ಮೇಲೆ ಧೈರ್ಯ ಬಂತು.

ಪೆರ್ಲದವಳು:
ಹೆರಿಗೆಯ ಹೊತ್ತಿಗೇ ಹಾಕಿದರೆ ಬಿದ್ದುಹೋಗುತ್ತದಾ? ನನ್ನ ಓರಗಿತ್ತಿಗೆ ಹಾಗಾಯಿತು.

ನೀರ್ಚಾಲಿನ ಸಿಸ್ಟರ್ (ನಿವೃತ್ತ):
ಹೆರಿಗೆಯಾಗಿ 48 ಗಂಟೆಯ ಒಳಗೆ ಹಾಕಬಹುದು, ಇಲ್ಲದಿದ್ದರೆ 6 ವಾರ ಕಾಯಬೇಕು. ಬೇಗ ಹಾಕಿದಾಗ ಜಾರಿ ಬೀಳುವುದು ಸ್ವಲ್ಪ ಜಾಸ್ತಿ. ಹಾಗಾಗಿ 6 ವಾರಕ್ಕೆ ಹೋಗಿ ಕಾಪರ್ ಟಿಯ ದಾರ ಉಂಟಾ ಅಂತ ನೋಡಿಸಿಕೊಳ್ಳಬೇಕು. ಕೈಗೆ ಮಗು ಬಂದ ಮೇಲೆ ಆ ತಪಾಸಣೆಗೆ ಹೋಗುವವರು ಕಡಿಮೆ.

ಪುತ್ತಿಗೆಯ ಅಪ್ಪ:
ಎಲ್ಲವನ್ನೂ ಹೆಂಗಸರ ಮೈಮೇಲೆಯೇ ಹಾಕಿ ಮಾತನಾಡುತ್ತಿದ್ದೇವೆ. ನಮಗೆ ಎರಡು ಮಕ್ಕಳು ಸಾಕು ಅಂತ ಆದ ಮೇಲೆ ನಾನೇ ಆಪರೇಷನ್ ಮಾಡಿಸಿಕೊಂಡೆ. ಹೊಲಿಗೆ ಇಲ್ಲ, ಅದೇ ದಿನ ಮನೆಗೆ ಬಂದೆ. ಮೂರು ತಿಂಗಳು ಕಾಂಡೋಮ್ ಬಳಸಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ, ಸರಿ ಅಂದ ಮೇಲೆಯೇ ನಿಲ್ಲಿಸಿದ್ದು. ಹೆಂಡತಿಗೆ ಎರಡು ಸಿಸೇರಿಯನ್ ಆಗಿತ್ತು. ಇನ್ನೊಮ್ಮೆ ಅವಳ ಹೊಟ್ಟೆಗೆ ಕತ್ತರಿ ಹಾಕುವುದು ನನಗೆ ಮನಸ್ಸಿರಲಿಲ್ಲ.

ಒಬ್ಬ ಕೃಷಿಕ:
ಭಾರ ಎತ್ತುವ ಕೆಲಸದವರಿಗೆ ಅದು ಆಗುವುದಿಲ್ಲ. ಶಕ್ತಿ ಹೋಗುತ್ತದೆ.

ಪುತ್ತಿಗೆಯ ಅಪ್ಪ:
ಅಣ್ಣ, ನನ್ನದೂ ಅಡಿಕೆ ತೋಟವೇ. ಒಂದು ವಾರ ಭಾರ ಎತ್ತಲಿಲ್ಲ, ಅಷ್ಟೇ. ಈ ಮಳೆಗಾಲದಲ್ಲಿ ಮದ್ದು ಬಿಟ್ಟದ್ದೂ ನಾನೇ, ಗೋಣಿ ಹೊತ್ತದ್ದೂ ನಾನೇ. ಕತ್ತರಿಸುವುದು ವೀರ್ಯದ ಕಣ ಬರುವ ನಾಳವನ್ನು ಮಾತ್ರ. ಶಕ್ತಿ ಅದರಲ್ಲಿ ಬರುವುದಲ್ಲ.

ಬದಿಯಡ್ಕದ ತಂಗಿ:
ಎಲ್ಲವನ್ನೂ ಓದಿದೆ, ಎರಡೆರಡು ಸಲ. ಛಾಯಾ ಅಂತ ಮನಸ್ಸು ಮಾಡಿದ್ದೇನೆ. ವಾರಕ್ಕೆ ಎರಡು, ಹಾಲಿಗೆ ತೊಂದರೆ ಇಲ್ಲ. ನಾಳೆ ಆಶಾ ಅಕ್ಕನ ಹತ್ತಿರ ಕೇಳುತ್ತೇನೆ.

ನೀರ್ಚಾಲಿನ ಸಿಸ್ಟರ್ (ನಿವೃತ್ತ):
ಒಂದು ನಿಮಿಷ ತಂಗಿ. ಮದುವೆಗೆ ಮೊದಲು ಮುಟ್ಟು ಸರಿ ಬರುತ್ತಿತ್ತಾ? ಪಿಸಿಒಡಿ, ಅಂಡಾಶಯದಲ್ಲಿ ಗುಳ್ಳೆ ಅಂತ ಯಾರಾದರೂ ಹೇಳಿದ್ದರಾ? ಕಾಮಾಲೆ, ಲಿವರಿನ ತೊಂದರೆ ಆಗಿತ್ತಾ?

ಬದಿಯಡ್ಕದ ತಂಗಿ:
ಪಿಸಿಒಡಿ ಇತ್ತು ಸಿಸ್ಟರ್. ಎರಡು ವರ್ಷ ಮದ್ದು ಮಾಡಿದ ಮೇಲೆಯೇ ಮಗು ನಿಂತದ್ದು.

ನೀರ್ಚಾಲಿನ ಸಿಸ್ಟರ್ (ನಿವೃತ್ತ):
ಹಾಗಾದರೆ ಛಾಯಾ ನಿನಗಲ್ಲ. ಪಿಸಿಒಡಿ ಇರುವವರಿಗೆ ಅದನ್ನು ಕೊಡುವುದಿಲ್ಲ. ಇಲ್ಲಿ ಇಬ್ಬರು ಒಳ್ಳೆಯದು ಅಂದದ್ದು ನಿಜ, ಅವರ ದೇಹಕ್ಕೆ ಒಳ್ಳೆಯದು. ನಿನಗೆ ಡೆಸೊಜೆಸ್ಟ್ರೆಲ್ ಮಾತ್ರೆ, ಇಲ್ಲದಿದ್ದರೆ ಕಾಪರ್ ಟಿ ಆಗಬಹುದು. ಆದರೆ ಈ ಮಾತು ಡಾಕ್ಟರ ಮುಂದೆ ಹೇಳಿ ಅವರೇ ತೀರ್ಮಾನಿಸಲಿ. ಸಿಸೇರಿಯನ್ ಚೀಟಿಯನ್ನೂ ಕೊಂಡುಹೋಗು. ಎರಡು ವರ್ಷ ಅಂತರ ಅಂತ ನೀವು ಯೋಚಿಸಿದ್ದು ತುಂಬಾ ಸರಿ, ಗರ್ಭಕೋಶದ ಹೊಲಿಗೆ ಗಟ್ಟಿಯಾಗಲು ಸಮಯ ಬೇಕು.

ಮುಳ್ಳೇರಿಯದ ಟೀಚರ್:
ನಾನು "ನಿನಗೂ ಇದೇ ಒಳ್ಳೆಯದು" ಅಂತ ಬರೆದುಬಿಟ್ಟಿದ್ದೆ. ಪಿಸಿಒಡಿ ವಿಷಯ ನನಗೆ ಗೊತ್ತಿರಲಿಲ್ಲ. ಕ್ಷಮಿಸು ತಂಗಿ.

ಬಾಯಾರಿನವಳು:
ಆ ಮಲಯಾಳ ಕಾಗದದಲ್ಲಿ ಇದೆಲ್ಲ ಬರೆದಿರಬೇಕು ನೋಡಿ. ಕಾಸರಗೋಡಿನಲ್ಲಿ ಇಷ್ಟು ಕನ್ನಡದವರಿದ್ದೇವೆ, ಬಾಣಂತಿಗೆ ಕೊಡುವ ಕಾಗದ ಕನ್ನಡದಲ್ಲಿ ಯಾಕಿಲ್ಲ? ಶಾಲೆಗೆ, ಬೋರ್ಡಿಗೆ ಹೋರಾಡುತ್ತೇವೆ, ಇದಕ್ಕೆ ಯಾರೂ ಬಾಯಿ ತೆರೆಯುವುದಿಲ್ಲ.

ಎಣ್ಮಕಜೆಯವಳು:
ನಮ್ಮ ಸಿಸ್ಟರ್ ಕಣ್ಣೂರಿನವರು. ಪಾಪ, ಒಳ್ಳೆಯವರು, ತುಳುವಿನಲ್ಲಿ ನಾಲ್ಕು ಮಾತು ಕಲಿತಿದ್ದಾರೆ. ಆದರೆ ಇಂಥ ವಿಷಯ ನಾಲ್ಕು ಮಾತಿನಲ್ಲಿ ಆಗುವುದಾ?

ಮಂಜೇಶ್ವರದ ಗಲ್ಫ್ ಹೆಂಡತಿ:
ಕಾಗದದ ಫೋಟೋ ಹಾಕು ತಂಗಿ, ನನಗೆ ಓದಲು ಬರುತ್ತದೆ, ಕನ್ನಡದಲ್ಲಿ ಬರೆದು ಕೊಡುತ್ತೇನೆ. ಅಷ್ಟರವರೆಗೆ ಮೂರು ಮಾತು ಕಿವಿಯಲ್ಲಿರಲಿ. ಮುಲಯೂಟ್ಟಲ್ ಅಂದರೆ ಹಾಲುಣಿಸುವುದು, ಆರ್ತವಂ ಅಂದರೆ ಮುಟ್ಟು, ಗುಳಿಗ ಅಂದರೆ ಮಾತ್ರೆ. ನಾನು ಈ ಮೂರನ್ನೇ ಹಿಡಿದುಕೊಂಡು ಒಪಿ ದಾಟಿದವಳು.

ಬದಿಯಡ್ಕದ ತಂಗಿ (ಎಂಟು ದಿನದ ನಂತರ):
ಡಾಕ್ಟರನ್ನು ಕಂಡು ಬಂದೆ. ಪಿಸಿಒಡಿ ಮಾತು ಹೇಳಿದ ಕೂಡಲೇ ಅವರೂ ಛಾಯಾ ಬೇಡ ಅಂದರು. ಕಾಪರ್ ಟಿ ಹಾಕಬಹುದು ಅಂದರು, ನನಗೆ ಇನ್ನೂ ಹೆದರಿಕೆ. ಡೆಸೊಜೆಸ್ಟ್ರೆಲ್ ಬರೆದುಕೊಟ್ಟರು. ದಿನಾ ಒಂದು, ಒಂದು ಪಟ್ಟಿ ಮುಗಿದ ಮರುದಿನವೇ ಇನ್ನೊಂದು, ನಡುವೆ ಬಿಡುವಿಲ್ಲ. ಒಂದೇ ಹೊತ್ತಿಗೆ ತೆಗೆದುಕೊಳ್ಳಬೇಕು, 12 ಗಂಟೆಗಿಂತ ಜಾಸ್ತಿ ತಡ ಆಗಬಾರದು. ಅವರು ಬರುವ ಮೊದಲೇ ಶುರು ಮಾಡಿದ್ದು ಒಳ್ಳೆಯದಾಯಿತು ಅಂದರು. ಬದಿಯಡ್ಕದಲ್ಲಿ ಸಿಗಲಿಲ್ಲ, ಮಂಗಳೂರಿನಿಂದ ತರಿಸಿದೆ.

ರಾತ್ರಿಯ ಬಾಟಲಿಯನ್ನೂ ಬಿಟ್ಟೆವು. ಅತ್ತೆಯ ಹತ್ತಿರ ಸಿಸ್ಟರ್ ಹೇಳಿದ ಹಾಗೆಯೇ ಹೇಳಿದೆ. ಈಗ ಮಗುವನ್ನು ಎತ್ತಿ ನನ್ನ ಪಕ್ಕಕ್ಕೆ ಅವರೇ ತಂದು ಮಲಗಿಸುತ್ತಾರೆ.

ಮಾತ್ರೆ ರಾತ್ರಿ ಒಂಬತ್ತೂವರೆಗೆ. ನನ್ನವರು ದಿನಾ ಫೋನ್ ಮಾಡುವುದು ಆ ಹೊತ್ತಿಗೆ. "ನುಂಗಿದೆಯಾ" ಅಂತ ಮೊದಲು ಕೇಳಿ ಆಮೇಲೆ ಮಗುವನ್ನು ತೋರಿಸಲು ಹೇಳುತ್ತಾರೆ.

ಪೆರ್ಲದವಳು:
ಅವರು ಮನೆಗೇ ಬಂದ ಮೇಲೆ ಒಂಬತ್ತೂವರೆಗೆ ಫೋನ್ ಬರುವುದಿಲ್ಲ, ನೆನಪಿರಲಿ. ಈಗಲೇ ಅಲಾರಂ ಇಟ್ಟುಕೋ.

ಬದಿಯಡ್ಕದ ತಂಗಿ:
ಇಟ್ಟೆ ಅಕ್ಕ.